ಕಾರಿನ ಮುಂದಿನ ಗಾಜು ಒಡೆದರೆ ಏನು ಮಾಡಬೇಕು: ಘಟ್ಟದ ಮೇಲಿನವರಿಗೂ ಕೆಳಗಿನವರಿಗೂ

ದೇವಿಮನೆ ಘಟ್ಟದಲ್ಲಿ ಜಲ್ಲಿ ತುಂಬಿದ ಟಿಪ್ಪರ್ ಹಿಂದೆ ಅಂಟಿಕೊಂಡು ಹೋಗಬೇಡಿ. ಹೋದರೆ ಏನಾಗುತ್ತದೆ ಅಂತ ನನಗೆ ಗೊತ್ತು. ಶಿರಸಿಯಿಂದ ಕುಮಟಾಕ್ಕೆ ಇಳಿಯುತ್ತಿದ್ದೆ. ಒಂದು ತಿರುವಿನಲ್ಲಿ ಮುಂದಿನ ಟಿಪ್ಪರ್ ಕುಲುಕಿತು, ಅದರ ಹಿಂಬಾಗಿಲ ಸಂದಿಯಿಂದ ಕಡಲೆ ಗಾತ್ರದ ಒಂದು ಕಲ್ಲು ಹಾರಿ ಬಂದು ಗಾಜಿಗೆ ಟಕ್ ಅಂತ ಹೊಡೆಯಿತು. ನೋಡಿದರೆ ಸಣ್ಣ ನಕ್ಷತ್ರದಂಥ ಗುರುತು, ಅಷ್ಟೇ. ಇಷ್ಟಕ್ಕೆಲ್ಲ ಯಾಕೆ ತಲೆಬಿಸಿ ಅಂತ ಬಿಟ್ಟೆ. ಕುಮಟಾದಲ್ಲಿ ಕಾರನ್ನು ಎರಡು ಗಂಟೆ ಬಿಸಿಲಲ್ಲಿ ನಿಲ್ಲಿಸಿ, ವಾಪಸ್ ಬಂದು ಎಸಿ ಜೋರಾಗಿ ಹಾಕಿದೆ ನೋಡಿ, ಕಣ್ಣೆದುರೇ ಆ ನಕ್ಷತ್ರದಿಂದ ಒಂದು ಗೆರೆ ಹೊರಟು ಒಂದು ಮೊಳ ಉದ್ದ ಓಡಿತು.

ಆಮೇಲೆ ಗಾಜು ಹಾಕಿಸಿದೆ. ಅದನ್ನು ಕೆಟ್ಟದಾಗಿ ಹಾಕಿದರು. ಮುಂದಿನ ಮಳೆಗಾಲದಲ್ಲಿ ಕಾಲಡಿಯ ಮ್ಯಾಟ್ ಒದ್ದೆ, ಕಾರೊಳಗೆ ಬೂಸ್ಟು ವಾಸನೆ. ಬಿಚ್ಚಿ ನೋಡಿದರೆ ಫ್ರೇಮಿಗೆ ತುಕ್ಕು ಹಿಡಿದಿತ್ತು. ಮತ್ತೆ ತೆಗೆಸಿ, ಮತ್ತೆ ಹಾಕಿಸಿ, ಎರಡು ಸಲ ದುಡ್ಡು ಕೊಟ್ಟೆ. ಎರಡನೇ ಸಲ ಗ್ಯಾರೇಜಿನಲ್ಲೇ ಸ್ಟೂಲ್ ಹಾಕಿಕೊಂಡು ಕೂತು ಕೆಲಸ ಪೂರ್ತಿ ನೋಡಿದೆ, ಕೇಳಿದೆ, ಕೆಲಸದವರಿಗೆ ಸ್ವಲ್ಪ ಕಿರಿಕಿರಿಯೂ ಆಯಿತು ಅನ್ನಿ. ಇಲ್ಲಿ ಬರೆಯುವುದೆಲ್ಲ ಆ ಸ್ಟೂಲ್ ಮೇಲೆ ಕೂತು ಕಲಿತಿದ್ದು, ಮತ್ತು ಆಮೇಲೆ ಓದಿ ತಿಳಿದಿದ್ದು.

ಮೊದಲು ಒಂದು ವಿಷಯ ತಲೆಯಲ್ಲಿರಲಿ. ಮುಂದಿನ ಗಾಜು ಅಂದರೆ ಮನೆಯ ಕಿಟಕಿ ಗಾಜಿನ ಹಾಗೆ ಸುಮ್ನೆ ಕೂರಿಸಿಟ್ಟಿದ್ದಲ್ಲ. ಈಗಿನ ಕಾರುಗಳಲ್ಲಿ ಅದನ್ನು ಕಾರಿನ ಬಾಡಿಯ ತಗಡಿಗೆ ಗಟ್ಟಿ ಗೋಂದಿನಲ್ಲಿ ಅಂಟಿಸಿರುತ್ತಾರೆ, ಅದು ಬಾಡಿಯದೇ ಒಂದು ಭಾಗ. ಕಾರು ಪಲ್ಟಿಯಾದರೆ ಮಾಡು ಕುಸಿಯದ ಹಾಗೆ ಹಿಡಿಯುವುದರಲ್ಲಿ ಅದರ ಪಾಲಿದೆ. ಎಡಗಡೆ ಸೀಟಿನ ಏರ್‌ಬ್ಯಾಗ್ ಬಿಚ್ಚಿಕೊಂಡಾಗ ಬಹಳಷ್ಟು ಕಾರುಗಳಲ್ಲಿ ಅದು ಈ ಗಾಜಿಗೇ ಬಡಿದು, ಅದನ್ನು ಆಧಾರ ಮಾಡಿಕೊಂಡು ಕೂತವರ ಕಡೆ ತಿರುಗುತ್ತದೆ. ಗೋಂದು ಸರಿ ಇಲ್ಲದಿದ್ದರೆ ಗಾಜು ಹೊರಗೆ, ಏರ್‌ಬ್ಯಾಗೂ ಹೊರಗೆ. ಅದಕ್ಕೇ ನಾನು ಯಾರು ಕೇಳಿದರೂ ಹೇಳುವುದು, ಯಾವ ಕಂಪನಿ ಗಾಜು ಅಂತ ಆಮೇಲೆ ವಿಚಾರಿಸಿ, ಯಾವ ಗೋಂದು, ಹೇಗೆ ಹಚ್ಚುತ್ತೀರಿ ಅಂತ ಮೊದಲು ಕೇಳಿ.

ಕಲ್ಲು ಬಿದ್ದ ಕೂಡಲೇ

ಮುಂದಿನ ಗಾಜು ಪುಡಿಪುಡಿಯಾಗಿ ಮೈಮೇಲೆ ಬೀಳುವುದಿಲ್ಲ, ಆ ಹೆದರಿಕೆ ಬೇಡ. ಎರಡು ಗಾಜಿನ ಹಾಳೆ, ಮಧ್ಯೆ ಪಿವಿಬಿ ಅನ್ನುವ ಒಂದು ಪ್ಲಾಸ್ಟಿಕ್ ಪದರ, ಸಾಮಾನ್ಯವಾಗಿ 0.76 ಮಿ.ಮೀ. ದಪ್ಪ. ಒಡೆದರೂ ಚೂರುಗಳು ಆ ಪದರಕ್ಕೇ ಅಂಟಿಕೊಂಡಿರುತ್ತವೆ. ಇದನ್ನೇ ಲ್ಯಾಮಿನೇಟೆಡ್ ಗಾಜು ಅನ್ನುವುದು. ಪಕ್ಕದ್ದು, ಹಿಂದಿನದು ಸಾಮಾನ್ಯವಾಗಿ ಟೆಂಪರ್ಡ್, ಅದು ಮಾತ್ರ ಕಲ್ಲುಸಕ್ಕರೆ ಹಾಗೆ ಸಣ್ಣ ಸಣ್ಣ ತುಂಡಾಗಿ ಉದುರುತ್ತದೆ. ನಮ್ಮ ದೇಶದಲ್ಲಿ ಮುಂದಿನ ಗಾಜು ಲ್ಯಾಮಿನೇಟೆಡ್ ಆಗಿರಲೇಬೇಕು ಅಂತ 1989ರ ಕೇಂದ್ರ ಮೋಟಾರು ವಾಹನ ನಿಯಮದಲ್ಲೇ ಇದೆ.

ಹಾಗಂತ ತಿರುವಿನಲ್ಲೇ ಕಾರು ನಿಲ್ಲಿಸಿ ಇಳಿದು ನೋಡಬೇಡಿ. ಘಟ್ಟದಲ್ಲಿ ಹಿಂದಿನಿಂದ ಬಸ್ಸು ಬರುತ್ತಿರುತ್ತದೆ. ನಿಧಾನ ಮಾಡಿ, ಅಗಲ ಜಾಗ ಸಿಕ್ಕಲ್ಲಿ ನಿಲ್ಲಿಸಿ. ಒಳಗಿನಿಂದ, ಹೊರಗಿನಿಂದ ಫೋಟೋ ತೆಗೆಯಿರಿ, ಇನ್ಶೂರೆನ್ಸಿಗೆ ಬೇಕಾಗುತ್ತದೆ. ಗುರುತಿನ ಮೇಲೆ ಹೊರಗಿನಿಂದ ಒಂದು ಪಾರದರ್ಶಕ ಟೇಪ್ ಅಂಟಿಸಿ, ಧೂಳು ನೀರು ಒಳಗೆ ಹೋಗಬಾರದು. ಟೇಪ್ ಇಲ್ಲವಾ, ದಾರಿಯಲ್ಲಿ ಸಿಗುವ ಯಾವ ಅಂಗಡಿಯಲ್ಲೂ ಸಿಗುತ್ತದೆ. ಎಸಿಯ ತಂಪು ಗಾಳಿಯನ್ನು ನೇರವಾಗಿ ಗಾಜಿನ ಮೇಲೆ ಬಿಡಬೇಡಿ, ಬಿಸಿ ಗಾಜಿನ ಮೇಲೆ ತಣ್ಣೀರು ಹೊಯ್ಯಬೇಡಿ, ಬಾಗಿಲು ಢಬಾರ್ ಅಂತ ಹಾಕಬೇಡಿ. ನನ್ನ ಗಾಜು ಹೋಗಿದ್ದು ಕಲ್ಲಿನಿಂದ ಅರ್ಧ, ಎಸಿಯಿಂದ ಅರ್ಧ.

ಎದುರು ಏನೂ ಕಾಣದಷ್ಟು ಜೇಡರ ಬಲೆ ಆಗಿಬಿಟ್ಟಿದ್ದರೆ, ಅಥವಾ ಗಾಜು ಒಳಗೆ ಬಾಗಿದ್ದರೆ, ಓಡಿಸಲೇಬೇಡಿ. ಕೆಲವರು ಒಡೆದ ಗಾಜನ್ನು ಕಾಲಲ್ಲಿ ಒದ್ದು ತೆಗೆದು, ಗಾಜೇ ಇಲ್ಲದೆ ಗಾಳಿಗೆ ಕಣ್ಣು ಕಿರಿದು ಮಾಡಿಕೊಂಡು ಓಡಿಸುತ್ತಾರೆ. ಡ್ಯಾಶ್‌ಬೋರ್ಡ್ ಮೇಲೆ ಉಳಿದ ಗಾಜಿನ ಪುಡಿ ಆ ಗಾಳಿಗೆ ಎಲ್ಲಿಗೆ ಹೋಗುತ್ತದೆ ಹೇಳಿ?

ಎಲ್ಲ ಗುರುತಿಗೂ ಗಾಜು ಬದಲಿಸಬೇಕಾಗಿಲ್ಲ. ಹೊರಗಿನ ಹಾಳೆಗೆ ಮಾತ್ರ ಪೆಟ್ಟಾಗಿದ್ದು, ಒಂದು ನಾಣ್ಯದಿಂದ ಮುಚ್ಚುವಷ್ಟೇ ಇದ್ದರೆ ರೆಸಿನ್ ಅನ್ನುವ ಪಾರದರ್ಶಕ ಅಂಟು ತುಂಬಿಸಿ ಯುವಿ (ನೇರಳಾತೀತ) ಬೆಳಕಿನಲ್ಲಿ ಒಣಗಿಸುವ ರಿಪೇರಿ ಮಾಡುತ್ತಾರೆ. ಗುರುತು ಪೂರ್ತಿ ಮಾಯವಾಗುವುದಿಲ್ಲ, ಆದರೆ ಬಿರುಕು ಓಡುವುದು ನಿಲ್ಲುತ್ತದೆ. ಡ್ರೈವರ್ ಕಣ್ಣಿನ ನೇರಕ್ಕಿದ್ದರೆ, ಗಾಜಿನ ಅಂಚಿಗೆ ತಾಗಿದ್ದರೆ, ಉದ್ದ ಸೀಳಾಗಿದ್ದರೆ, ಒಳಗಿನ ಹಾಳೆಯೂ ಒಡೆದಿದ್ದರೆ, ಬದಲಿಸುವುದೊಂದೇ ದಾರಿ. ಒಳಗಿನಿಂದ ಉಗುರು ಸವರಿ ನೋಡಿ, ತಡೆದರೆ ಒಳಹಾಳೆಗೂ ಪೆಟ್ಟಾಗಿದೆ. ಟೇಪ್ ಹಾಕದೆ ವಾರಗಟ್ಟಲೆ ಮಳೆಯಲ್ಲಿ ಓಡಿಸಿದ್ದರೆ ಒಳಗೆ ನೀರು ಕೆಸರು ಸೇರಿ ರೆಸಿನ್ ಹಿಡಿಯುವುದಿಲ್ಲ. ನಮ್ಮ ಕಡೆ ಜೂನ್‌ನಲ್ಲಿ ಬಿದ್ದ ಗುರುತನ್ನು ಚೌತಿ ಕಳೆಯಲಿ ಅಂತ ಬಿಟ್ಟರೆ ರಿಪೇರಿಯ ಮಾತು ಮುಗಿಯಿತು.

ಇನ್ಶೂರೆನ್ಸ್ ಲೆಕ್ಕ

ಥರ್ಡ್ ಪಾರ್ಟಿ ಮಾತ್ರ ಇದ್ದರೆ ಗಾಜಿಗೆ ಏನೂ ಸಿಗುವುದಿಲ್ಲ. ಫುಲ್ ಇನ್ಶೂರೆನ್ಸ್ ಇದ್ದರೆ ಸಿಗುತ್ತದೆ, ತೆಂಗಿನಮರದ ಕೆಳಗೆ ನಿಲ್ಲಿಸಿ ಕಾಯಿ ಬಿದ್ದು ಒಡೆದರೂ ಸಿಗುತ್ತದೆ. ಗಾಜಿಗೆ ಸವಕಳಿ ಕಡಿತ ಇಲ್ಲ, ರಬ್ಬರ್ ಪ್ಲಾಸ್ಟಿಕ್ ಭಾಗಗಳಿಗೆ ಸಾಮಾನ್ಯ ಪಾಲಿಸಿಯಲ್ಲಿ ಅರ್ಧ ಕಡಿಯುತ್ತಾರೆ. 1500 ಸಿಸಿವರೆಗಿನ ಕಾರಿಗೆ 1,000 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 2,000 ನಿಮ್ಮ ಕೈಯಿಂದ.

ಆದರೆ ಕ್ಲೇಮ್ ಮಾಡುವ ಮೊದಲು ಒಂದು ಕಾಗದ ಪೆನ್ನು ತೆಗೆದುಕೊಳ್ಳಿ. ಬಿಲ್ 7,000 ಆಗುತ್ತದೆ ಅಂತಿಟ್ಟುಕೊಳ್ಳಿ. 1,000 ಕಳೆದು 6,000 ಸಿಗುತ್ತದೆ. ನಿಮ್ಮ ಸ್ವಂತ ಹಾನಿಯ ಪ್ರೀಮಿಯಂ ರಿಯಾಯಿತಿ ಕಳೆಯುವ ಮೊದಲು 8,000, ಐದು ವರ್ಷ ಕ್ಲೇಮ್ ಇಲ್ಲದೆ ಎನ್‌ಸಿಬಿ, ಅಂದರೆ ಕ್ಲೇಮ್ ಮಾಡದವರಿಗೆ ಸಿಗುವ ರಿಯಾಯಿತಿ, ಶೇ. 50 ತಲುಪಿದೆ. ಕ್ಲೇಮ್ ಮಾಡಿದರೆ ಅದು ಸೊನ್ನೆಗೆ ಇಳಿಯುತ್ತದೆ. ಮುಂದಿನ ವರ್ಷ 4,000 ಜಾಸ್ತಿ ಕೊಡಬೇಕು. ಅದರ ಮುಂದಿನ ವರ್ಷ ಶೇ. 50ರ ಬದಲು 20, ಅಂದರೆ 2,400 ಜಾಸ್ತಿ. ಎರಡೇ ವರ್ಷಕ್ಕೆ 6,400 ಹೋಯಿತು, ಸಿಕ್ಕಿದ್ದು 6,000. ಹೊಸ ಕಾರಿಗೆ, ಕ್ಯಾಮೆರಾ ಇರುವ ದುಬಾರಿ ಗಾಜಿಗೆ ಈ ಲೆಕ್ಕ ತಿರುಗಿ ಬೀಳುತ್ತದೆ. ಎನ್‌ಸಿಬಿ ಉಳಿಸುವ ಆಡ್-ಆನ್ ಇದೆಯಾ ಅಂತ ಪಾಲಿಸಿ ತೆಗೆದು ನೋಡಿ. ಕ್ಲೇಮ್ ಮಾಡುವುದೇ ಆದರೆ ಇನ್ಶೂರೆನ್ಸ್ ಕಂಪನಿಯವರು ನೋಡಿ ಒಪ್ಪುವ ಮೊದಲು ಗಾಜು ಬಿಚ್ಚಿಸಬೇಡಿ.

ಗಾಜು ತರಿಸುವಾಗ

ಶಿರಸಿಯಲ್ಲೋ ಕಾರವಾರದಲ್ಲೋ ನಿಮ್ಮ ಕಾರಿನ ಗಾಜು ಸ್ಟಾಕ್ ಇಲ್ಲದಿದ್ದರೆ ಹುಬ್ಬಳ್ಳಿಯಿಂದಲೋ ಗೋವಾ ಕಡೆಯಿಂದಲೋ ಬರಬೇಕು, ಒಂದೆರಡು ದಿನ ಕಾಯಬೇಕಾಗುತ್ತದೆ. ಮಾಡೆಲ್ ಹೆಸರು, ವರ್ಷ ಮಾತ್ರ ಹೇಳಿದರೆ ಸಾಲದು. ಆರ್‌ಸಿಯಲ್ಲಿರುವ ಚಾಸಿ ನಂಬರ್ ಕೊಡಿ. ಒಂದೇ ಕಾರಿಗೆ ಮೂರ್ನಾಲ್ಕು ನಮೂನೆ ಗಾಜು ಇರುತ್ತದೆ. ಮಳೆ ಸೆನ್ಸರ್ ಇರುವುದು, ಇಲ್ಲದಿರುವುದು, ಕನ್ನಡಿಯ ಹಿಂದೆ ಕ್ಯಾಮೆರಾ ಇರುವುದು, ಹೀಗೆ. ನೋಡಲು ಎಲ್ಲ ಒಂದೇ, ಕನ್ನಡಿ ಸಿಕ್ಕಿಸುವ ಬ್ರಾಕೆಟ್ ಮಾತ್ರ ಬೇರೆ, ಆಗ ಕೆಲಸ ಅರ್ಧಕ್ಕೇ ನಿಲ್ಲುತ್ತದೆ.

ಗಾಜು ಬಂದ ಮೇಲೆ ಕೆಳಗಿನ ಮೂಲೆಯ ಮಾರ್ಕ್ ನೋಡಿ. ತಯಾರಿಸಿದವರ ಹೆಸರು, ಲ್ಯಾಮಿನೇಟೆಡ್ ಅನ್ನುವ ಗುರುತು, ಐಎಸ್ಐ ಮಾರ್ಕ್, ಐಎಸ್ 2553 ಅನ್ನುವ ನಂಬರ್. ನಮ್ಮಲ್ಲಿ ಸೇಂಟ್-ಗೋಬೇನ್ ಸೆಕ್ಯುರಿಟ್, ಎಐಎಸ್ ಎರಡೂ ಸಾಮಾನ್ಯವಾಗಿ ಕಾಣುವ ಹೆಸರು. ಮಾರ್ಕೇ ಇಲ್ಲದ ಗಾಜಾದರೆ ಎಷ್ಟೇ ಅಗ್ಗವಾದರೂ ಬೇಡ ಅನ್ನಿ. ಅಂಚಿನಲ್ಲಿ ಸುತ್ತ ಒಂದು ಕಪ್ಪು ಪಟ್ಟಿ ಇರುತ್ತದಲ್ಲ, ಅದು ಚಂದಕ್ಕಲ್ಲ. ಬಿಸಿಲಿನ ಯುವಿ ಕಿರಣ ಗೋಂದನ್ನು ತಿನ್ನದ ಹಾಗೆ ಕಾಯುವುದಕ್ಕೆ. ಇನ್ನು ಹೊಸ ಗಾಜಿಗೆ ಕಪ್ಪು ಫಿಲಂ ಹಾಕಿಸಿ ಅಂತ ಯಾರಾದರೂ ಹೇಳಿದರೆ, ಮುಂದಿನ ಗಾಜಿನಲ್ಲಿ ಕನಿಷ್ಠ ಶೇ. 70ರಷ್ಟು ಬೆಳಕು ಹಾಯಬೇಕು ಅನ್ನುವ ನಿಯಮ ಇದೆ, ನೆನಪಿರಲಿ. ಮಳೆಗಾಲದ ಸಂಜೆ ಅರಬೈಲು ಘಟ್ಟದ ಮಂಜಿನಲ್ಲಿ ಓಡಿಸಿದವರು ನಿಯಮ ಇಲ್ಲದಿದ್ದರೂ ಹಾಕಿಸುವುದಿಲ್ಲ.

ಕೆಲಸ ನಡೆಯುವಾಗ ನೋಡಬೇಕಾದ್ದು

ಇದನ್ನು ಮನೆಯಂಗಳದಲ್ಲಿ ನೀವೇ ಮಾಡಬಹುದಾ? ಹಳೇ ಜೀಪಾದರೆ ಮಾಡಬಹುದು. ಅದರ ಗಾಜು ರಬ್ಬರ್ ಬೀಡಿಂಗ್‌ನಲ್ಲಿ ಕೂತಿರುತ್ತದೆ, ಬೀಡಿಂಗಿನ ಸಂದಿಗೆ ಹಗ್ಗ ಇಟ್ಟು ಒಳಗಿನಿಂದ ಎಳೆಯುತ್ತಾ ಹೊರಗಿನಿಂದ ಒಬ್ಬರು ಒತ್ತಿದರೆ ಕೂರುತ್ತದೆ. ಅಂಟಿಸಿದ ಗಾಜಿನ ಕಾರಿಗೆ ಕೈ ಹಾಕಬೇಡಿ. ಯೂಟ್ಯೂಬ್‌ನಲ್ಲಿ ಸುಲಭ ಕಾಣುತ್ತದೆ, ಗೊತ್ತು. ನೀವು ಮಾಡಬೇಕಾದ ಕೆಲಸ ಅಂದರೆ ಪಕ್ಕದಲ್ಲಿ ನಿಂತು ನೋಡುವುದು. ಮೇಲೆ ಮಾಡು ಇರುವ, ನೆಲ ಒಣಗಿರುವ ಜಾಗದಲ್ಲೇ ಮಾಡಿಸಿ.

ಮೊದಲು ವೈಪರ್ ತೋಳು, ಅದರ ಕೆಳಗಿನ ಕಪ್ಪು ಪ್ಲಾಸ್ಟಿಕ್ ಜಾಲರಿ, ಪಕ್ಕದ ಪಟ್ಟಿಗಳನ್ನು ಬಿಚ್ಚುತ್ತಾರೆ. ಈ ಜಾಲರಿಯ ಕೆಳಗೆ ಏನಿದೆ ನೋಡಿ. ನನ್ನದರಲ್ಲಿ ಒಂದು ಬುಟ್ಟಿ ಹಲಸಿನೆಲೆ, ಮಾವಿನೆಲೆ ಕೊಳೆತು ಗೊಬ್ಬರ ಆಗಿತ್ತು. ನೀರು ಹೋಗುವ ದಾರಿ ಮುಚ್ಚಿದರೆ ಕಾರೊಳಗೆ ನೀರು ಬರುತ್ತದೆ, ಜನ ಗಾಜು ಸೋರುತ್ತದೆ ಅಂದುಕೊಳ್ಳುತ್ತಾರೆ. ಹೇಗೂ ಬಿಚ್ಚಿದ್ದಾರೆ, ಸ್ವಚ್ಛ ಮಾಡಿಸಿಬಿಡಿ.

ಆಮೇಲೆ ತಂತಿಯಿಂದಲೋ ವಿಶೇಷ ಚಾಕುವಿನಿಂದಲೋ ಹಳೆಯ ಗೋಂದು ಕೊಯ್ದು ಗಾಜು ಎತ್ತುತ್ತಾರೆ. ಎಲ್ಲಕ್ಕಿಂತ ಮುಖ್ಯವಾದ ಹತ್ತು ನಿಮಿಷ ಶುರುವಾಗುವುದು ಈಗ. ಹಳೆಯ ಗೋಂದನ್ನು ಪೂರ್ತಿ ಕೆರೆದು ತಗಡು ಕಾಣುವ ಹಾಗೆ ಮಾಡಬಾರದು. ಗಟ್ಟಿಯಾಗಿ ಹಿಡಿದುಕೊಂಡ ಹಳೆಯ ಗೋಂದು ಒಂದೆರಡು ಮಿ.ಮೀ. ದಪ್ಪ ಉಳಿಸಿ ಮೇಲ್ಮೈ ಮಾತ್ರ ಸಮ ಮಾಡಬೇಕು, ಹೊಸ ಗೋಂದು ಅದರ ಮೇಲೆ ಚೆನ್ನಾಗಿ ಹಿಡಿಯುತ್ತದೆ. ಚಾಕು ತಾಗಿ ಪೇಂಟ್ ಕಿತ್ತುಹೋದ ಕಡೆಯೆಲ್ಲ ಪ್ರೈಮರ್, ಅಂದರೆ ಗೋಂದಿಗೂ ಮೊದಲು ಬಳಿಯುವ ತಳದ ಲೇಪ, ಹಚ್ಚಬೇಕು. ನನ್ನ ಮೊದಲ ಗಾಜು ಕೆಟ್ಟಿದ್ದು ಇಲ್ಲೇ. ಗೀರು ಬಿದ್ದ ಜಾಗವನ್ನು ಹಾಗೇ ಬಿಟ್ಟು ಮೇಲೆ ಗೋಂದು ಬಳಿದಿದ್ದರು. ಬೆಂಗಳೂರಲ್ಲಾದರೆ ತುಕ್ಕು ಬರಲು ವರ್ಷಗಳೇ ಬೇಕಿತ್ತೋ ಏನೋ, ನಮ್ಮ ಕರಾವಳಿಯ ಉಪ್ಪು ಗಾಳಿಗೆ, ಆರು ತಿಂಗಳ ಒದ್ದೆಗೆ ಒಂದೇ ಮಳೆಗಾಲ ಸಾಕಾಯಿತು. ತುಕ್ಕಿನ ಮೇಲೆ ಹಚ್ಚಿದ ಗೋಂದು ತುಕ್ಕಿಗೆ ಹಿಡಿದುಕೊಂಡಿರುತ್ತದೆ, ಕಾರಿಗಲ್ಲ. ತುಕ್ಕು ಈಗಾಗಲೇ ಇದ್ದರೆ ಎಮರಿ ಪೇಪರಿನಲ್ಲಿ ಪೂರ್ತಿ ಉಜ್ಜಿ ತೆಗೆದು, ಪ್ರೈಮರ್ ಹಚ್ಚಿ ಒಣಗಿಸಿಯೇ ಮುಂದಿನ ಕೆಲಸ. ತಗಡು ತೂತಾಗಿದ್ದರೆ ಮೊದಲು ಬಾಡಿ ಕೆಲಸದವರ ಹತ್ತಿರ ಹೋಗಬೇಕು. ಅದಕ್ಕೆ ಒಂದು ದಿನ ಜಾಸ್ತಿ ಹೋದರೆ ಹೋಗಲಿ.

ಗೋಂದು ಯಾವುದು? ಪಾಲಿಯುರಿಥೇನ್, ಗ್ಯಾರೇಜಿನಲ್ಲಿ ಪಿಯು ಅನ್ನುತ್ತಾರೆ. ಗಾಜಿಗೆ ಅಂತಲೇ ಬರುವ ಪಿಯು ಆಗಿರಬೇಕು, ಟ್ಯೂಬ್ ಮೇಲಿನ ಎಕ್ಸ್‌ಪೈರಿ ತಾರೀಖು ದಾಟಿರಬಾರದು. ಸ್ನಾನದಮನೆಗೆ, ಅಕ್ವೇರಿಯಂಗೆ ಹಾಕುವ ಸಿಲಿಕೋನ್ ನಡೆಯುವುದಿಲ್ಲ. ಅದಕ್ಕೆ ಆ ಬಲ ಇಲ್ಲ, ಕೆಲವು ಜಾತಿಯವು ತಗಡಿಗೇ ತುಕ್ಕು ತರಿಸುತ್ತವೆ, ಮತ್ತು ಒಮ್ಮೆ ಸಿಲಿಕೋನ್ ತಾಗಿದ ಕಡೆ ಮುಂದೆ ಪಿಯು ಕೂಡ ಹಿಡಿಯುವುದಿಲ್ಲ. ಕೆಲಸ ಮಾಡುವಾಗ ವಿನೆಗರ್ ಥರ ಹುಳಿ ವಾಸನೆ ಬಂತಾ, ಅದು ಸಿಲಿಕೋನ್. ನಿಲ್ಲಿಸಿ ಅನ್ನಿ. ಮರ್ಯಾದೆಯಿಂದಲೇ ಹೇಳಿ, ಆದರೆ ನಿಲ್ಲಿಸಿ.

ಹೊಸ ಗಾಜಿನ ಅಂಚನ್ನು ಕ್ಲೀನರ್ ಹಾಕಿ ಒರೆಸಿ, ಪ್ರೈಮರ್ ಹಚ್ಚಿ, ಅದು ಒಣಗುವವರೆಗೆ ಕಾಯಬೇಕು. ಒರೆಸಿದ ಮೇಲೆ ಬೆರಳು ತಾಗಿಸಬಾರದು, ಬೆವರು ಎಣ್ಣೆ ಇದ್ದ ಕಡೆ ಹಿಡಿತ ಬರುವುದಿಲ್ಲ. ಗೋಂದನ್ನು ಗನ್‌ನಿಂದ ತ್ರಿಕೋನದ ಹಾಗೆ ಎತ್ತರವಾಗಿ, ಎಲ್ಲೂ ತುಂಡಾಗದೆ ಒಂದೇ ಸುತ್ತು ಎಳೆಯಬೇಕು, ಚಕ್ಕುಲಿ ಒತ್ತುವವರ ಕೈ ಹಾಗೆ. ಮಧ್ಯೆ ಕಡಿದರೆ ಆ ಸಂದಿಯಲ್ಲೇ ಆಷಾಢದ ನೀರು ಒಳಗೆ ಬರುತ್ತದೆ. ಆಮೇಲೆ ತಡಮಾಡದೆ ಇಬ್ಬರು ವ್ಯಾಕ್ಯೂಮ್ ಹಿಡಿಕೆಯಲ್ಲಿ ಗಾಜು ಎತ್ತಿ ಒಂದೇ ಸಲಕ್ಕೆ ಸರಿ ಜಾಗಕ್ಕೆ ಕೂರಿಸುತ್ತಾರೆ, ಮೆಲ್ಲಗೆ ಒತ್ತುತ್ತಾರೆ, ಜಾರದ ಹಾಗೆ ಟೇಪ್ ಹಾಕುತ್ತಾರೆ. ಕೂರಿಸಿದ ಮೇಲೆ ಎತ್ತಿ ಮತ್ತೆ ಕೂರಿಸಿದರೆ ಗೋಂದು ಮತ್ತೆ ಹಚ್ಚಬೇಕು.

ಗಾಜಿನಲ್ಲಿ ಕ್ಯಾಮೆರಾ ಇರುವ ಕಾರಾದರೆ, ಅಂದರೆ ತಾನೇ ಬ್ರೇಕ್ ಹಾಕುವ, ಗೆರೆ ದಾಟಿದರೆ ಎಚ್ಚರಿಸುವ ಜಾತಿಯದ್ದಾದರೆ, ಗಾಜು ಬದಲಿಸಿದ ಮೇಲೆ ಕ್ಯಾಮೆರಾವನ್ನು ಮತ್ತೆ ಕ್ಯಾಲಿಬ್ರೇಟ್ ಮಾಡಿಸಬೇಕು, ಅಂದರೆ ಅದರ ನೋಟವನ್ನು ಸರಿಯಾಗಿ ಹೊಂದಿಸಬೇಕು. ಕೂದಲೆಳೆಯಷ್ಟು ವಾರೆಯಾದರೂ ಅದು ದೂರದಲ್ಲಿ ನೋಡುವುದು ಪಕ್ಕದ ಲೇನ್. ಇದಕ್ಕೆ ಕಂಪನಿ ಸರ್ವಿಸ್ ಸೆಂಟರ್ ಬೇಕು, ಅಲ್ಲಿಗೆ ಹೋಗುವವರೆಗೆ ಆ ಸೌಲಭ್ಯ ನಂಬಿ ಓಡಿಸಬೇಡಿ.

ಆಮೇಲೆ ಕಾಯಿರಿ

ಕೆಲಸ ಎರಡು ಮೂರು ಗಂಟೆಯಲ್ಲಿ ಮುಗಿಯುತ್ತದೆ. ಮುಗಿಯಿತು ಅಂತ ಹೊರಡುವಂತಿಲ್ಲ. ಪಿಯು ಗಟ್ಟಿಯಾಗುವುದು ಗಾಳಿಯಲ್ಲಿರುವ ತೇವದಿಂದ, ದಿನಕ್ಕೆ ಸುಮಾರು 3-4 ಮಿ.ಮೀ. ಒಳಗೆ ಹೋಗುತ್ತದೆ. ಹಾಗಾಗಿ ನಮ್ಮ ಊರಿನ ಒದ್ದೆ ಹವೆ ಗೋಂದಿಗೆ ಒಳ್ಳೆಯದೇ. ಅಂಟಿಸುವ ಜಾಗದಲ್ಲಿ ನೀರಿನ ಹನಿ ಇರಬಾರದು, ಗಾಳಿಯ ತೇವ ಇರಲಿ. ಚಳಿಯಲ್ಲಿ ನಿಧಾನವಾಗುತ್ತದೆ, ಡಿಸೆಂಬರ್‌ನಲ್ಲಿ ಶಿರಸಿಯಲ್ಲಿ ಬೆಳಿಗ್ಗೆ ಮಾಡಿಸಿದರೆ ಇನ್ನಷ್ಟು ಹೊತ್ತು ಕೊಡಿ. ಎಷ್ಟು ಗಂಟೆಯ ಮೇಲೆ ಓಡಿಸಬಹುದು ಅನ್ನುವುದು ಗೋಂದಿನ ಮೇಲೆ ಹೋಗುತ್ತದೆ. ಕೆಲವಕ್ಕೆ ಒಂದು ಗಂಟೆ, ಕೆಲವಕ್ಕೆ ಅರ್ಧ ದಿನಕ್ಕಿಂತ ಜಾಸ್ತಿ. ಟ್ಯೂಬ್ ಮೇಲೆ, ಅದರ ಕಾಗದದಲ್ಲಿ ಬರೆದಿರುತ್ತದೆ, ಕೇಳಿ ಓದಿ. ಏನೂ ಆಗಲ್ಲ ಸಾರ್, ತಗೊಂಡ್ಹೋಗಿ ಅನ್ನುವುದು ಉತ್ತರ ಅಲ್ಲ. ನಾನಂತೂ ರಾತ್ರಿ ಗ್ಯಾರೇಜಿನಲ್ಲೇ ಬಿಟ್ಟು ಬಸ್ಸಲ್ಲಿ ಮನೆಗೆ ಬಂದೆ. ಘಟ್ಟದ ರಸ್ತೆಯಲ್ಲಿ ಬಾಡಿ ತಿರುಚುವಷ್ಟು ಬಯಲು ರಸ್ತೆಯಲ್ಲಿ ತಿರುಚುವುದಿಲ್ಲ, ಹಸಿ ಗೋಂದಿಗೆ ಅದು ಒಳ್ಳೆಯದಲ್ಲ.

ಮೊದಲ ದಿನ ಒಂದು ಕಿಟಕಿ ಬೆರಳು ಅಗಲ ತೆರೆದಿಡಿ. ಎಲ್ಲ ಮುಚ್ಚಿ ಬಾಗಿಲು ಜೋರಾಗಿ ಹಾಕಿದರೆ ಒಳಗಿನ ಗಾಳಿ ಗಾಜನ್ನು ಹೊರಗೆ ನೂಕುತ್ತದೆ. ಟೇಪ್ ಕೀಳಬೇಡಿ, ಚಂದ ಕಾಣದಿದ್ದರೆ ಕಾಣದಿರಲಿ. ಎರಡು ದಿನ ಪ್ರೆಶರ್ ವಾಷ್ ಬೇಡ. ಮಳೆ ಬಂದರೆ ತೊಂದರೆಯಿಲ್ಲ.

ಎರಡು ದಿನ ಕಳೆದ ಮೇಲೆ ಪರೀಕ್ಷೆ. ಒಬ್ಬರು ಒಳಗೆ ಕೂತು ಅಂಚಿಗೆ ಪೇಪರ್ ಹಿಡಿದುಕೊಳ್ಳಲಿ, ಇನ್ನೊಬ್ಬರು ತೋಟದ ಪೈಪಿನಿಂದ ಮೆಲ್ಲಗೆ, ಕೆಳಗಿನಿಂದ ಶುರುಮಾಡಿ ಮೇಲಕ್ಕೆ ನೀರು ಬಿಡಿ. ಪೇಪರ್ ಒದ್ದೆಯಾದ ಕಡೆ ಗುರುತು ಹಾಕಿ ಅದೇ ದಿನ ವಾಪಸ್ ಹೋಗಿ. ಬಿಲ್ಲಿನಲ್ಲಿ ಸೋರಿಕೆಗೆ ಗ್ಯಾರಂಟಿ ಬರೆಸಿಕೊಂಡಿದ್ದರೆ ಮಾತು ಸುಲಭ. ಐವತ್ತು-ಅರವತ್ತರ ವೇಗದಲ್ಲಿ ಸುಂಯ್ ಅಂತ ಶಬ್ದ ಬಂದರೂ ತೋರಿಸಿ, ಎಲ್ಲೋ ಸಂದಿ ಉಳಿದಿದೆ. ಗಾಜಿನ ಮೂಲಕ ದೂರದ ವಿದ್ಯುತ್ ಕಂಬ ನೋಡುತ್ತಾ ತಲೆ ಆಚೀಚೆ ಆಡಿಸಿ. ಕಂಬ ಹಾವಿನ ಹಾಗೆ ಬಳುಕಿದರೆ ಗಾಜೇ ಕಳಪೆ. ಹಳೇ ವೈಪರ್ ಬ್ಲೇಡುಗಳನ್ನೂ ಬದಲಿಸಿಬಿಡಿ, ಒಂದು ಮರಳಿನ ಕಣ ಸಿಕ್ಕಿಕೊಂಡಿದ್ದರೂ ಹೊಸ ಗಾಜಿಗೆ ಮೊದಲ ದಿನವೇ ಗೀರು.

ಒಂದು ಮರೆತಿದ್ದೆ. ಫಾಸ್ಟ್ಯಾಗ್. ಅದು ಹಳೇ ಗಾಜಿನ ಜೊತೆಗೇ ಹೋಗುತ್ತದೆ, ಕಿತ್ತರೆ ಹರಿದು ಕೆಲಸ ಮಾಡುವುದಿಲ್ಲ. ಗಾಜು ಬದಲಿಸುವ ದಿನ ಗೊತ್ತಾದ ಕೂಡಲೇ ಟ್ಯಾಗ್ ಕೊಟ್ಟ ಬ್ಯಾಂಕಿಗೆ ಹೇಳಿ ಅದೇ ಗಾಡಿಗೆ ಹೊಸದು ತರಿಸಿಟ್ಟುಕೊಳ್ಳಿ. ಕಾರವಾರದಲ್ಲಿ ಗಾಜು ಹಾಕಿಸಿಕೊಂಡು ಅಂಕೋಲಾ ಕಡೆ ಹೊರಟ ನಮ್ಮ ಭಾವ ಹಟ್ಟಿಕೇರಿ ಟೋಲ್‌ನಲ್ಲಿ ಅಡ್ಡಕಂಬ ಏಳದಿದ್ದಾಗಲೇ ನೆನಪಿಸಿಕೊಂಡಿದ್ದು. ನಗದು ಎರಡು ಪಟ್ಟು ಕೊಟ್ಟು ಬಂದರು. ಮರುದಿನ ಕುಮಟಾ ದಾಟಿ ಹೋಗುವಾಗ ಹೊಳೆಗದ್ದೆಯಲ್ಲಿ ಮತ್ತೊಮ್ಮೆ.